ಕೌನ್ಸೆಲರ್ ಕಾರ್ಡಿನ ಮೇಲಿರುವ "ರಿಜಿ. ನಂ." ಅಸಲಿಯೋ ಅಲ್ಲವೋ, ಎಲ್ಲಿ ನೋಡಬೇಕು?

ಬೆಣ್ಣೆದೋಸೆ:

ಅಣ್ಣನ ಮಗಳು, 17 ವರ್ಷ, ಸೆಕೆಂಡ್ ಪಿಯು, ದಾವಣಗೆರೆ. ಎರಡು ತಿಂಗಳಿಂದ ನಿದ್ದೆ ಕೆಟ್ಟಿದೆ. ಕಾಲೇಜಿಗೆ ಹೊರಡುವ ಹೊತ್ತಿಗೆ ಎದೆ ಡವಗುಟ್ಟಿ ಕೈ ಬೆವರುತ್ತೆ. ಫಿಸಿಷಿಯನ್ ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಎಲ್ಲ ನೋಡಿ, ದೇಹದಲ್ಲಿ ತೊಂದರೆ ಇಲ್ಲ, ಕೌನ್ಸೆಲಿಂಗ್ ಕೊಡಿಸಿ ಅಂದಿದ್ದಾರೆ. ಪರಿಚಯದವರು ಒಂದು ವಿಸಿಟಿಂಗ್ ಕಾರ್ಡ್ ಕೊಟ್ಟರು. ಹೆಸರು ಬಿಟ್ಟು ಮಿಕ್ಕಿದ್ದನ್ನು ಹಾಗೇ ಟೈಪ್ ಮಾಡಿದ್ದೀನಿ:

"ಡಾ. ——, ಎಂ.ಎಸ್ಸಿ. (ಸೈಕಾಲಜಿ), ಪಿಎಚ್.ಡಿ. (ಆಲ್ಟರ್ನೇಟಿವ್ ಮೆಡಿಸಿನ್). ಸರ್ಟಿಫೈಡ್ ಕೌನ್ಸೆಲರ್, ಎನ್‌ಎಲ್‌ಪಿ ಮಾಸ್ಟರ್ ಪ್ರಾಕ್ಟೀಷನರ್, ಹಿಪ್ನೋಥೆರಪಿಸ್ಟ್. ಆರ್‌ಸಿಐ ಅಪ್ರೂವ್ಡ್ ಟ್ರೈನಿಂಗ್. ಸರ್ಕಾರಿ ನೋಂದಾಯಿತ ಸಂಸ್ಥೆ, ರಿಜಿ. ನಂ. ——. ಐಎಸ್‌ಒ 9001. ಬೆರಳಚ್ಚಿನಿಂದ ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ ಲಭ್ಯ."

ಇದರಲ್ಲಿ ಲೈಸೆನ್ಸ್ ಅನ್ನೋದು ಯಾವುದು? ಡಾಕ್ಟರುಗಳಿಗೆ ಇರುವ ಹಾಗೆ ಕೌನ್ಸೆಲರ್‌ಗಳಿಗೂ ಸರ್ಕಾರದ ಪಟ್ಟಿ ಇದೆಯಾ? ಇದ್ದರೆ ನಾವು ಮನೇಲೇ ಕೂತು ನೋಡಬಹುದಾ?

ಕೆಲಗೇರಿ ಕೆರಿ:

ಪಟ್ಟಿ ಹುಡುಕೋದು ಆಮ್ಯಾಲ. ಹುಡುಗಿ ಸಾಯೋ ಮಾತು ಆಡ್ಯಾಳೇನು, ಕೈ ಕೊಯ್ಕೊಂಡ ಗುರ್ತು ಏನರ ಅದಾವೇನು, ಅದನ್ನ ಮೊದಲ ನೇರ ಕೇಳ್ರಿ. ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ತುಂಬಿದಂಗ ಆಕ್ಕೈತಿ ಅಂತಾರಲ್ಲ, ಅದು ಸುಳ್ಳು. ಹೌದು ಅಂದ್ಲು ಅಂದ್ರ ಯಾರ ನೋಂದಣಿನೂ ನೋಡ್ಕೋತ ಕುಂದ್ರಬ್ಯಾಡ್ರಿ, ಅವತ್ತ ಜಿಲ್ಲಾ ಆಸ್ಪತ್ರಿಗೆ ಕರ್ಕೊಂಡು ಹೋಗ್ರಿ, ಒಬ್ಬಾಕಿನ್ನ ಬಿಡಬ್ಯಾಡ್ರಿ. ರಾತ್ರಿ ಆದ್ರ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಐತಿ, 14416, ಹಗಲು ರಾತ್ರಿ ಎತ್ತತಾರ, ಕನ್ನಡದಾಗ ಮಾತಾಡ್ತಾರ, ಪುಕ್ಕಟೆ. ಇಲ್ಲ ಅಂದ್ಲು ಅಂದ್ರ ಕೆಳಗ ಬರೋ ಹುಡುಕಾಟ ಎಲ್ಲಾ ಸಾವಕಾಶ ಮಾಡ್ರಿ.

ಪಟ್ಟಿಪುಸ್ತಕ:

ನಮ್ಮಲ್ಲಿ "ಕೌನ್ಸೆಲರ್" ಅನ್ನುವ ಹೆಸರಿಗೆ ಕಾನೂನಿನ ಕಾವಲಿಲ್ಲ. ನಾಳೆ ಯಾರು ಬೇಕಾದರೂ ಆಪ್ತಸಮಾಲೋಚಕ ಎಂದು ಬೋರ್ಡು ಹಾಕಬಹುದು. ಆದ್ದರಿಂದ "ಲೈಸೆನ್ಸ್ ಇದೆಯಾ" ಎಂದು ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ, ಏನೋ ಒಂದು ಸರ್ಟಿಫಿಕೇಟೂ ತೋರಿಸುತ್ತಾರೆ. "ನೀವು ಯಾವ ರಿಜಿಸ್ಟರಿನಲ್ಲಿ, ಯಾವ ವರ್ಗದಲ್ಲಿ ಇದ್ದೀರಿ" ಎಂದು ಕೇಳಬೇಕು.

ರಿಜಿಸ್ಟರ್ ಇರುವುದು ಯಾರಿಗೆ ಅಂದರೆ, ಮೊದಲನೆಯದಾಗಿ ಮನೋವೈದ್ಯರಿಗೆ. ಎಂಬಿಬಿಎಸ್ ಆದ ಮೇಲೆ ಸೈಕಿಯಾಟ್ರಿಯಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪಿಎಂ ಮಾಡಿರುತ್ತಾರೆ, ಔಷಧಿ ಬರೆಯುವವರು ಇವರೇ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನಂಬರ್ ಇರುತ್ತದೆ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆನ್‌ಲೈನಿನಲ್ಲಿ ನೋಡುವ ವೈದ್ಯರು ಚೀಟಿಯ ಮೇಲೂ ಜಾಲತಾಣದಲ್ಲೂ ಈ ನಂಬರ್ ತೋರಿಸಲೇಬೇಕು. ಇಲ್ಲಿ ಗೊಂದಲ ಕಡಿಮೆ.

ಎರಡನೆಯದು ಕ್ಲಿನಿಕಲ್ ಸೈಕಾಲಜಿಸ್ಟ್. ಮೋಸ ಜಾಸ್ತಿ ನಡೆಯುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಇವರ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ. ಅದರ ಕಾಯ್ದೆ 1992ರದ್ದು. ಆ ಪುಸ್ತಕದ ಹೆಸರು ಸೆಂಟ್ರಲ್ ರಿಹ್ಯಾಬಿಲಿಟೇಷನ್ ರಿಜಿಸ್ಟರ್, ಎಲ್ಲರ ಬಾಯಲ್ಲೂ ಸಿಆರ್‌ಆರ್. ಸಾಮಾನ್ಯವಾಗಿ ಎ ಅಕ್ಷರದಿಂದ ಶುರುವಾಗಿ ಆಮೇಲೆ ಅಂಕಿಗಳಿರುವ ನಂಬರ್. ಇದುವರೆಗೆ ನೋಂದಣಿ ಪಡೆದವರಲ್ಲಿ ಹೆಚ್ಚಿನವರ ಅರ್ಹತೆ ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದೂ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ, ಮೇಲ್ವಿಚಾರಕರ ಕೈಕೆಳಗೆ. ಎಂ.ಫಿಲ್ ಅನ್ನೇ ಯುಜಿಸಿ ನಿಲ್ಲಿಸಿದಾಗಲೂ ಈ ಕೋರ್ಸಿಗೆ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಪದವಿಯವರೂ ಇದ್ದಾರೆ.

ಆರ್‌ಸಿಐ ಜಾಲತಾಣದಲ್ಲಿ ನೋಂದಾಯಿತ ವೃತ್ತಿಪರರನ್ನು ಹುಡುಕುವ ಪುಟ ಇದೆ. ಹೆಸರಿಗಿಂತ ನಂಬರ್ ಹಾಕಿ ಹುಡುಕುವುದು ವಾಸಿ. ನಮ್ಮ ಕಡೆಯ ಹೆಸರುಗಳ ಇನಿಷಿಯಲ್ ಕಾಟ ನಿಮಗೆ ಗೊತ್ತೇ ಇದೆ: ಬೋರ್ಡಿನ ಮೇಲೆ "ಶ್ರೀದೇವಿ ಕೆ.ಎನ್." ಅಂತ ಇದ್ದರೆ ರಿಜಿಸ್ಟರಿನಲ್ಲಿ ಇನಿಷಿಯಲ್ ಮುಂದೆ ಬಂದಿರುತ್ತದೆ, ಇಲ್ಲವೇ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಇಂಗ್ಲಿಷಿನಲ್ಲಿ ಶ್ರೀ ಅನ್ನುವ ಒಂದೇ ಅಕ್ಷರಕ್ಕೆ ನಾಲ್ಕು ಕಾಗುಣಿತ. ಮದುವೆಯ ನಂತರ ಹೆಸರು ಬದಲಾದವರು ಬೇರೆ. ಹೆಸರು ಹಾಕಿ ಸಿಗಲಿಲ್ಲ ಅಂದ ಮಾತ್ರಕ್ಕೆ ಖೋಟಾ ಅಂತ ತೀರ್ಮಾನಿಸಬೇಡಿ, ನಂಬರ್ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಆಗ ಅನುಮಾನ ಪಡಿ.

ನಂಬರ್ ಸಿಕ್ಕಿದ ಮೇಲೂ ಎರಡು ವಿಷಯ ನೋಡಬೇಕು. ಒಂದು, ವರ್ಗ. ಇದೇ ರಿಜಿಸ್ಟರಿನಲ್ಲಿ ವಿಶೇಷ ಶಿಕ್ಷಕರು, ಶ್ರವಣ ಮತ್ತು ವಾಕ್ ತಜ್ಞರು, ಕೃತಕ ಕಾಲು ಹೊಂದಿಸುವವರು ಎಲ್ಲರೂ ಇರುತ್ತಾರೆ. ಅವರ ಸಿಆರ್‌ಆರ್ ನಂಬರೂ ಅಸಲಿಯೇ. ಆದರೆ ವಿಶೇಷ ಶಿಕ್ಷಣದ ನೋಂದಣಿ ಇಟ್ಟುಕೊಂಡು "ಆರ್‌ಸಿಐ ರಿಜಿಸ್ಟರ್ಡ್ ಸೈಕಾಲಜಿಸ್ಟ್" ಎಂದು ಬೋರ್ಡು ಬರೆಸಿದರೆ ಅದು ಸುಳ್ಳು. ವರ್ಗದ ಜಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದೇ ಇರಬೇಕು. ಎರಡು, ಅವಧಿ. ಈ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಸರ್ಟಿಫಿಕೇಟಿನಲ್ಲಿ ಕೊನೆಯ ತಾರೀಖು ಇರುತ್ತದೆ. ಗೋಡೆಯ ಮೇಲಿನ ಫ್ರೇಮಿನಲ್ಲಿ ಮೊದಲು ಕಣ್ಣು ಹೋಗಬೇಕಾದದ್ದು ಅಲ್ಲಿಗೆ.

ಮೂರನೆಯದು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್. ಎಂ.ಎಸ್.ಡಬ್ಲ್ಯು. ಆದ ಮೇಲೆ ಆ ವಿಷಯದಲ್ಲೇ ಎಂ.ಫಿಲ್. ಕುಟುಂಬವನ್ನು ಕೂರಿಸಿ ಮಾತಾಡುವ ಕೆಲಸದಲ್ಲಿ ಎಷ್ಟೋ ಸಲ ಇವರೇ ಪಳಗಿದವರು, ಜನ ಗುರುತಿಸುವುದು ಮಾತ್ರ ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್, ಮಾನಸಿಕ ಆರೋಗ್ಯ ನರ್ಸ್‌ಗಳನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಿ ಪಟ್ಟಿ ಪ್ರಕಟಿಸಬೇಕು. ಆದ್ದರಿಂದ ಪ್ರಾಧಿಕಾರದ ನೋಂದಣಿ ಇದೆಯೇ ಎಂದೂ ಕೇಳಬಹುದು.

ಈಗ ನಿಮ್ಮ ಕಾರ್ಡು. ಎಂ.ಎಸ್ಸಿ. ಸೈಕಾಲಜಿ ನಿಜವಾದ ಪದವಿ ಇರಬಹುದು, ಆದರೆ ಅದೊಂದರಿಂದಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಹೆಸರಿನ ಹಿಂದಿನ "ಡಾ." ಆಲ್ಟರ್ನೇಟಿವ್ ಮೆಡಿಸಿನ್ ಪಿಎಚ್.ಡಿ.ಯಿಂದ ಬಂದಿದೆ, ಅದಕ್ಕೂ ಮನಸ್ಸಿನ ಚಿಕಿತ್ಸೆಗೂ ಸಂಬಂಧವಿಲ್ಲ. "ಸರ್ಟಿಫೈಡ್" ಅಂದರೆ ಯಾರು ಸರ್ಟಿಫೈ ಮಾಡಿದ್ದು? ಎರಡು ದಿನದ ಕಾರ್ಯಾಗಾರಕ್ಕೂ ಸರ್ಟಿಫಿಕೇಟ್ ಸಿಗುತ್ತದೆ. "ಆರ್‌ಸಿಐ ಅಪ್ರೂವ್ಡ್ ಟ್ರೈನಿಂಗ್" ಅನ್ನುವ ಸಾಲು ಜಾಣತನದ್ದು: ನೋಂದಾಯಿತರು ನವೀಕರಣಕ್ಕಾಗಿ ಹಾಜರಾಗುವ ಸಿಆರ್‌ಇ ಕಾರ್ಯಕ್ರಮಗಳಿಗೆ ಆರ್‌ಸಿಐ ಒಪ್ಪಿಗೆ ಕೊಡುತ್ತದೆ. ಅಂಥ ಕಡೆ ಕೂತು ಬಂದ ಹಾಜರಿ ಪತ್ರ ನೋಂದಣಿ ಅಲ್ಲ. ಇನ್ನು "ಸರ್ಕಾರಿ ನೋಂದಾಯಿತ ಸಂಸ್ಥೆ, ರಿಜಿ. ನಂ." ಅನ್ನುವುದು ಬಹುಪಾಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟಿನ ನಂಬರ್, ಇಲ್ಲವೇ ಸೊಸೈಟಿ ಅಥವಾ ಉದ್ಯಮ್ (ಸಣ್ಣ ಉದ್ದಿಮೆಗಳ ನೋಂದಣಿ) ನಂಬರ್. ಕಿರಾಣಿ ಅಂಗಡಿಗೂ ಉದ್ಯಮ್ ನಂಬರ್ ಸಿಗುತ್ತದೆ. ಐಎಸ್‌ಒ 9001 ಸಂಸ್ಥೆಯ ಕಾರ್ಯವಿಧಾನಕ್ಕೆ ಕೊಡುವುದು, ಕೂತು ಮಾತಾಡಿಸುವ ವ್ಯಕ್ತಿಯ ಓದಿಗಲ್ಲ.

ಕೊನೆಯ ಸಾಲು ಬೆರಳಚ್ಚಿನದು. ಡಿಎಂಐಟಿ ಅಂತ ಶಾಲೆ, ಕಾಲೇಜುಗಳ ಬಾಗಿಲಿಗೇ ಬಂದು ಮಾರುತ್ತಾರೆ. ಬೆರಳಿನ ಗೆರೆಯಿಂದ ಬುದ್ಧಿಶಕ್ತಿ, ಸ್ವಭಾವ ಹೇಳಲು ವೈಜ್ಞಾನಿಕ ಆಧಾರ ಇಲ್ಲ. ಆ ಒಂದು ಸಾಲಿಗೇ ನಾನಾದರೆ ಕಾರ್ಡು ವಾಪಸ್ ಕೊಡುತ್ತೇನೆ.

ತುಂಗಾತೀರ:

ಪಟ್ಟಿಪುಸ್ತಕ ಅವರ ಮಾತಿಗೆ ಒಂದು ಸೇರ್ಪಡೆ, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಆರ್‌ಸಿಐ ನಂಬರ್ ಇಲ್ಲದ ಕೌನ್ಸೆಲರ್ ಎಲ್ಲರೂ ಕಳ್ಳರಲ್ಲ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಎಂ.ಎಸ್ಸಿ., ಎಂ.ಎಸ್.ಡಬ್ಲ್ಯು., ಕೌನ್ಸೆಲಿಂಗ್‌ನಲ್ಲಿ ಪಿಜಿ ಡಿಪ್ಲೊಮಾ ಮಾಡಿ ಶಾಲೆ ಕಾಲೇಜುಗಳಲ್ಲಿ ಚೆನ್ನಾಗಿ ಕೆಲಸ ಮಾಡುವವರು ಇದ್ದಾರೆ. 2021ರಲ್ಲಿ ಬಂದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇಂಥವರನ್ನೂ ರಿಜಿಸ್ಟರಿಗೆ ತರುವಂಥದ್ದು. ಅದರಲ್ಲಿ ಬಿಹೇವಿಯರಲ್ ಹೆಲ್ತ್ ಅನ್ನುವ ವಿಭಾಗದಲ್ಲಿ, ಆರ್‌ಸಿಐಗೆ ಸೇರಿದ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ಬಿಟ್ಟು, ಸೈಕಾಲಜಿಸ್ಟ್, ಕೌನ್ಸೆಲರ್, ಸೋಷಿಯಲ್ ವರ್ಕರ್‌ಗಳನ್ನು ಸೇರಿಸಿದ್ದಾರೆ.

ಇಂಥವರ ವಿಷಯದಲ್ಲಿ ನಂಬರ್ ಬದಲು ಇನ್ನೊಂದು ಕೇಳಬೇಕು: "ನಿಮ್ಮ ಸೂಪರ್‌ವೈಸರ್ ಯಾರು? ಕಷ್ಟದ ಕೇಸ್ ಬಂದರೆ ಯಾವ ಮನೋವೈದ್ಯರ ಹತ್ತಿರ ಕಳಿಸುತ್ತೀರಿ?" ಸರಿಯಾಗಿ ಕಲಿತವರು ತಡವರಿಸದೆ ಹೆಸರು ಹೇಳ್ತಾರೆ. "ನಮ್ಮಲ್ಲಿ ಎಲ್ಲ ಕಾಯಿಲೆಗೂ ಚಿಕಿತ್ಸೆ ಇದೆ, ಎಲ್ಲೂ ಕಳಿಸೋದೇ ಇಲ್ಲ" ಅಂದರೆ ಫೋನ್ ಇಡಿ.

ಆದರೆ ನಿಮ್ಮ ಹುಡುಗಿಯ ವಿಷಯ ಪರೀಕ್ಷೆ ಭಯದ ಮಟ್ಟದಲ್ಲಿ ಇಲ್ಲ. ನಿದ್ದೆ ಕೆಟ್ಟು ಎರಡು ತಿಂಗಳು, ಜೊತೆಗೆ ಮೈ ಲಕ್ಷಣಗಳು. ಮೊದಲ ಸಲ ನೋಡುವವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಲಿ. ಏನು ತೊಂದರೆ ಅಂತ ಗೊತ್ತಾದ ಮೇಲೆ ವಾರವಾರದ ಮಾತುಕತೆಗೆ ಹತ್ತಿರದ ಒಳ್ಳೆ ಕೌನ್ಸೆಲರ್ ಸಾಕಾಗಬಹುದು.

ಮೊದಲ ಫೋನಿನಲ್ಲಿ ಶುಲ್ಕ, ಸೆಷನ್ ಎಷ್ಟು ಹೊತ್ತು (45ರಿಂದ 60 ನಿಮಿಷ ಸಾಮಾನ್ಯ), ರದ್ದು ಮಾಡಿದರೆ ಎಷ್ಟು ಹಿಡೀತಾರೆ, ರಸೀದಿ ಕೊಡ್ತಾರಾ, 18 ತುಂಬದವರನ್ನು ನೋಡುವ ಅಭ್ಯಾಸ ಇದೆಯಾ, ಪೂರ್ತಿ ಸೆಷನ್ ಕನ್ನಡದಲ್ಲೇ ಆಗುತ್ತಾ ಅಂತ ವಿಚಾರಿಸಿ. ಕೊನೆಯದನ್ನು ಸುಮ್ಮನೆ ಹೇಳಿದ್ದಲ್ಲ. "ಕನ್ನಡ ಬರುತ್ತೆ" ಅನ್ನುವವರಲ್ಲಿ ಕೆಲವರಿಗೆ ಕುಶಲ ಕೇಳುವಷ್ಟೇ ಬರೋದು, ವಿಷಯ ಒಳಕ್ಕೆ ಹೋದ ಹಾಗೆ ಇಂಗ್ಲಿಷಿಗೆ ಜಾರುತ್ತಾರೆ. ಹುಡುಗಿ "ಒಂಥರಾ ಸಂಕಟ" ಅಂದರೆ ಅದು ದುಃಖವಾ, ಹೊಟ್ಟೆ ತೊಳಸುವುದಾ, ಉಸಿರು ಕಟ್ಟುವುದಾ ಅಂತ ಬಿಡಿಸಿ ಕೇಳಲು ಭಾಷೆ ಬೇಕು.

ಹತ್ತು, ಇಪ್ಪತ್ತು ಸೆಷನ್ನಿನ ಪ್ಯಾಕೇಜ್ ದುಡ್ಡು ಮುಂಗಡ ಕಟ್ಟಬೇಡಿ. ಮೂರನೇ ಸೆಷನ್ನಿಗೆ ಹುಡುಗಿ "ಇವರು ಬೇಡ" ಅಂದರೆ ಆ ದುಡ್ಡು ವಾಪಸ್ ಬರೋದು ಕಷ್ಟ. ಮೊದಲ ಒಂದೆರಡು ಸೆಷನ್ ವಿಚಾರಿಸೋದರಲ್ಲೇ ಹೋಗುತ್ತೆ, ಅದಾದ ಮೇಲೆ ಗುರಿ ಏನು, ಸುಮಾರು ಎಷ್ಟು ಸೆಷನ್, ಮಧ್ಯದಲ್ಲಿ ಯಾವಾಗ ಪರಿಶೀಲಿಸೋದು ಅಂತ ಅವರೇ ಹೇಳಬೇಕು. ಆತಂಕಕ್ಕೆ ಸಿಬಿಟಿ ಅನ್ನುವ ವಿಧಾನ (ಯೋಚನೆ, ನಡವಳಿಕೆ ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ) ಮಾಡುವುದಾದರೆ ಸಾಮಾನ್ಯವಾಗಿ 8ರಿಂದ 20 ಸೆಷನ್ ಹಿಡಿಯುತ್ತೆ, ಪ್ರತಿ ಸಲ ಮನೆಗೆಲಸವೂ ಇರುತ್ತೆ. "ಒಂದೇ ಸಿಟ್ಟಿಂಗಿನಲ್ಲಿ ಗುಣ" ಅನ್ನುವವರನ್ನು ನಂಬಬೇಡಿ.

ಕೆಲಗೇರಿ ಕೆರಿ:

ಖಾಸಗಿ ಕಡೆನ ಹೋಗಬೇಕು ಅಂತೇನಿಲ್ರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಾಗ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್, ನರ್ಸ್ ಅಂತ ತಂಡ ಇರತೈತಿ. ನಿಮ್ಮ ಊರಾಗ ಚಿಗಟೇರಿ ಜಿಲ್ಲಾ ಆಸ್ಪತ್ರಿಗೆ ಹೋಗಿ ಮಾನಸಿಕ ವಿಭಾಗ ಎಲ್ಲಿ ಐತಿ ಕೇಳ್ರಿ. ಸೈಕಾಲಜಿಸ್ಟ್ ಯಾವ ದಿನ ಇರ್ತಾರ ಅನ್ನೋದನ್ನ ಮುಂಚೇನ ಕೇಳ್ಕೊಂಡ್ರ ಚಲೋ, ತಂಡದಾಗ ಜಾಗ ಖಾಲಿ ಇರೋದೂ ಉಂಟು. ತಾಲ್ಲೂಕು ಆಸ್ಪತ್ರಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅಂತ ಕ್ಲಿನಿಕ್ ಐತಿ. ದೊಡ್ಡ ಜಾಗ ಬೇಕಂದ್ರ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಬಿಟಿಎಂ ಲೇಔಟಿನಾಗ ನಿಮ್ಹಾನ್ಸಿನವರದ ಸೆಂಟರ್ ಫಾರ್ ವೆಲ್ ಬೀಯಿಂಗ್ ಐತಿ. ದೊಡ್ಡ ಆಸ್ಪತ್ರಿ ಗದ್ದಲಕ್ಕ ಅಂಜೋ ಹುಡುಗರಿಗೆ ಅದು ಅನುಕೂಲ.

ಸರ್ಕಾರಿ ಕಡೆ ಹೋದ್ರ ನೋಂದಣಿ ಹುಡುಕೋ ತ್ರಾಸ ಉಳಿತೈತಿ, ಆದ್ರ ಒಬ್ಬೊಬ್ರಿಗೆ ಸಿಗೋ ಹೊತ್ತು ಕಡಿಮಿ. ಏನು ತೊಂದರಿ ಅಂತ ಗುರ್ತು ಹಿಡಿಯೋದು ಅಲ್ಲಿ ಮಾಡಿಸಿ, ವಾರದ ಮಾತುಕತಿಗೆ ಬ್ಯಾರೆ ಕಡೆ ಕೇಳಿದ್ರ ಅವರ ಹೇಳ್ತಾರ.

ಬೆಣ್ಣೆದೋಸೆ:

ಎಲ್ಲರಿಗೂ ಧನ್ಯವಾದ. ಕೇಳಿದ್ದೀವಿ, ಸಾಯುವ ಯೋಚನೆ ಇಲ್ಲ ಅಂದಳು. ಕಾರ್ಡಿನವರಿಗೆ ಫೋನ್ ಮಾಡಿ ಸಿಆರ್‌ಆರ್ ನಂಬರ್ ಕೇಳಿದೆ. "ಅದೆಲ್ಲ ಅಂಗವಿಕಲರಿಗೆ ಮಾಡೋರಿಗೆ ಮಾತ್ರ, ನಮಗೆ ಬೇಕಿಲ್ಲ" ಅಂದರು. ಇದು ನಿಜವಾ? ಇನ್ನೂ ಇಬ್ಬರ ಹೆಸರು ಸಿಕ್ಕಿದೆ. ಒಬ್ಬರ ನಂಬರ್ ಹಾಕಿದರೆ ವಿಶೇಷ ಶಿಕ್ಷಣದ ವರ್ಗ ಬಂತು, ಬುದ್ಧಿಮಾಂದ್ಯತೆ ಅಂತ ಇತ್ತು. ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಅಂತಲೇ ಇದ್ದಾರೆ, ಅವಧಿಯೂ ಇದೆ, ಆದರೆ ಹರಿಹರದಲ್ಲಿ ಕೂರುವುದು ಶನಿವಾರ ಮಾತ್ರ. ಇನ್ನೊಂದು ಅನುಮಾನ: ಅವಳು ಒಳಗೆ ಹೇಳಿದ್ದನ್ನು ಅಣ್ಣ ಅತ್ತಿಗೆಗೆ ಹೇಳ್ತಾರಾ? ಅವಳಿಗೆ ಅದೇ ಭಯ.

ಪಟ್ಟಿಪುಸ್ತಕ:

ಕಾರ್ಡಿನವರು ಹೇಳಿದ್ದು ಅರ್ಧ ಸತ್ಯ. ಆರ್‌ಸಿಐ ಹುಟ್ಟಿದ್ದು ಪುನರ್ವಸತಿ ಕ್ಷೇತ್ರಕ್ಕೆ ಅನ್ನುವುದು ಸರಿ. ಆದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅದರ ವರ್ಗಗಳಲ್ಲಿ ಒಂದು. ನೋಂದಣಿ ಇಲ್ಲದೆ ಆ ವೃತ್ತಿ ಮಾಡಿದರೆ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. (ಸಾವಿರ ರೂಪಾಯಿಗೆ ಯಾರು ಹೆದರುತ್ತಾರೆ ಅನ್ನುವುದು ಬೇರೆ ಮಾತು.) ಅವರು ತಮ್ಮನ್ನು ಬರೀ ಕೌನ್ಸೆಲರ್ ಎಂದು ಕರೆದುಕೊಳ್ಳುವವರೆಗೆ ನಂಬರ್ ಬೇಕಿಲ್ಲ, ಆದರೆ ಆ ಮಾತಿನ ಅರ್ಥ ಅವರು ಯಾವ ರಿಜಿಸ್ಟರಿನಲ್ಲೂ ಇಲ್ಲ ಅಂತಲೇ. ಬುದ್ಧಿಮತ್ತೆ ಪರೀಕ್ಷೆ ಅಥವಾ ಕಲಿಕಾ ನ್ಯೂನತೆ ಪರೀಕ್ಷೆ ಮಾಡಿ ವರದಿ ಕೊಡುವುದಾದರೆ ಸಹಿ, ಮೊಹರಿನ ಕೆಳಗೆ ಸಿಆರ್‌ಆರ್ ನಂಬರ್ ಇಲ್ಲದ ಕಾಗದವನ್ನು ಕಚೇರಿಗಳಲ್ಲಿ ವಾಪಸ್ ತಳ್ಳುತ್ತಾರೆ. ಮತ್ತೆ ದುಡ್ಡು ಕೊಟ್ಟು ಮಾಡಿಸಬೇಕು, ಅದೇ ಪರೀಕ್ಷೆಯನ್ನು ಬೇಗ ಇನ್ನೊಮ್ಮೆ ಮಾಡಿದರೆ ಅಭ್ಯಾಸದಿಂದ ಅಂಕ ಏರುವುದರಿಂದ ತಿಂಗಳುಗಟ್ಟಲೆ ಕಾಯಿಸುತ್ತಾರೆ.

ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ಹೊರಗೆ ಹೇಳಬಹುದಾದ ಸಂದರ್ಭಗಳನ್ನೂ ಬರೆದಿದೆ: ಅವಳ ಜೀವಕ್ಕೆ ಅಪಾಯ ಇದ್ದರೆ, ಬೇರೆಯವರಿಗೆ ಹಾನಿ ಆಗುವಂತಿದ್ದರೆ, ಚಿಕಿತ್ಸೆಗೆಂದು ಇನ್ನೊಬ್ಬ ವೃತ್ತಿಪರರಿಗೆ ತಿಳಿಸಬೇಕಾದರೆ, ನ್ಯಾಯಾಲಯ ಆದೇಶಿಸಿದರೆ, ಇತ್ಯಾದಿ. 18 ತುಂಬದವರಿಗೆ ಕಾನೂನಿನಲ್ಲಿ ಪೋಷಕರೇ ಪ್ರತಿನಿಧಿ, ಒಪ್ಪಿಗೆ ಸಹಿ ಅವರದ್ದೇ. ಹಾಗಾಗಿ ಪೂರ್ತಿ ಗುಟ್ಟು ಅಂತ ಯಾರಾದರೂ ಮಾತು ಕೊಟ್ಟರೆ ಅದು ತಪ್ಪು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.

ನುರಿತವರು ಮೊದಲ ದಿನ ಹುಡುಗಿಯನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿ, "ಅಪಾಯದ ವಿಷಯ ಬಂದರೆ ಹೇಳುತ್ತೇನೆ, ಅದೂ ಇವಳಿಗೆ ಹೇಳಿದ ಮೇಲೆ. ಮಿಕ್ಕ ವಿವರ ಕೇಳಬೇಡಿ, ಸುಧಾರಣೆ ಹೇಗಿದೆ ಅಂತ ಮಾತ್ರ ಹೇಳುತ್ತೇನೆ" ಎಂದು ಗೆರೆ ಹಾಕುತ್ತಾರೆ. ಹಾಕದಿದ್ದರೆ ಅಣ್ಣನೇ ಕೇಳಲಿ, ಹುಡುಗಿಯ ಎದುರಿಗೇ ಕೇಳಲಿ.

ದೂರದೇಶಿ:

ಇದೇ ಚರ್ಚೆಯಲ್ಲಿ ಒಂದು ಪ್ರಶ್ನೆ. ಮಗ ಟೆಕ್ಸಾಸ್‌ನಲ್ಲಿ ಎಂ.ಎಸ್. ಮಾಡ್ತಿದ್ದಾನೆ. ಬೆಂಗಳೂರಿನ ಕನ್ನಡದ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ವಿಡಿಯೋದಲ್ಲಿ ಮಾತಾಡಿಸಬಹುದಾ? ಆರ್‌ಸಿಐ ನಂಬರ್ ಸರಿ ಇದೆ.

ಪಟ್ಟಿಪುಸ್ತಕ:

ಆರ್‌ಸಿಐ ನಂಬರ್ ಅಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಮತ್ತು ಲೆಕ್ಕಕ್ಕೆ ಬರುವುದು ಸೆಷನ್ ಹೊತ್ತಿನಲ್ಲಿ ಮಗ ಕೂತಿರುವ ಜಾಗ. ಬೆಂಗಳೂರಿನವರು ಒಪ್ಪಿಕೊಂಡರೂ ತುರ್ತು ಬಂದಾಗ ಅವರಿಗೆ ಅಲ್ಲಿ ಕೈ ಕಾಲು ಇರುವುದಿಲ್ಲ.

ಟೆಕ್ಸಾಸ್‌ನಲ್ಲಿ ಬಿಹೇವಿಯರಲ್ ಹೆಲ್ತ್ ಎಕ್ಸಿಕ್ಯೂಟಿವ್ ಕೌನ್ಸಿಲ್ ಅಂತ ಇದೆ. ಅದರ ಜಾಲತಾಣದಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತು ಕ್ರಮ ಆಗಿದೆಯೇ ಎರಡೂ ಕಾಣುತ್ತವೆ. ಅಲ್ಲಿ ಎಲ್‌ಪಿಸಿ ಅಂದರೆ ಸ್ವತಂತ್ರವಾಗಿ ಕೆಲಸ ಮಾಡುವ ಕೌನ್ಸೆಲರ್. ಎಲ್‌ಪಿಸಿ ಅಸೋಸಿಯೇಟ್ ಅಂದರೆ ಇನ್ನೂ 3,000 ಗಂಟೆಗಳ ಮೇಲ್ವಿಚಾರಣೆಯ ಕೆಲಸ ಪೂರೈಸುತ್ತಿರುವವರು, ಅದರಲ್ಲಿ 1,500 ಗಂಟೆ ನೇರ ಕ್ಲೈಂಟುಗಳ ಜೊತೆ ಇರಬೇಕು. ಅಸೋಸಿಯೇಟ್ ಕಳಪೆ ಅಂತಲ್ಲ, ಶುಲ್ಕವೂ ಸಾಮಾನ್ಯವಾಗಿ ಕಡಿಮೆ. ಆದರೆ ಅವರ ಜಾಹೀರಾತಿನಲ್ಲಿ ಸೂಪರ್‌ವೈಸರ್ ಹೆಸರು ಇರಲೇಬೇಕು, ಆ ಹೆಸರನ್ನೂ ಹುಡುಕಿ. ಅದಕ್ಕೂ ಮೊದಲು ಅವನ ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಸೆಂಟರ್ ನೋಡಲಿ, ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಉಚಿತ. ತುರ್ತಿಗೆ 988, ಅದು ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ.

ತುಂಗಾತೀರ:

ಬೆಣ್ಣೆದೋಸೆ ಅವರೇ, ಶನಿವಾರ ಹರಿಹರಕ್ಕೇ ಹೋಗಿ, 14 ಕಿಲೋಮೀಟರಿಗೆ ಯೋಚನೆ ಬೇಡ. ಹೋಗುವಾಗ ಇಷ್ಟು ತಗೊಂಡು ಹೋಗಿ, ಥೈರಾಯ್ಡ್, ಇಸಿಜಿ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆ ಏನಾದರೂ ಇದ್ದರೆ ಅದರ ಪಟ್ಟಿ (ಕಬ್ಬಿಣದ ಮಾತ್ರೆ, ಆಯುರ್ವೇದ ಎಲ್ಲ ಸೇರಿಸಿ), ಎರಡು ವಾರದ ನಿದ್ದೆ ಲೆಕ್ಕ ಒಂದು ಹಾಳೆಯಲ್ಲಿ: ಮಲಗಿದ್ದು ಎಷ್ಟಕ್ಕೆ, ನಿದ್ದೆ ಬಂದಿದ್ದು ಎಷ್ಟಕ್ಕೆ, ಎದ್ದಿದ್ದು ಎಷ್ಟಕ್ಕೆ, ಆ ದಿನ ಕಾಲೇಜಿಗೆ ಹೋದಳಾ ಇಲ್ಲವಾ. ಅವಳೇ ಬರೆಯಲಿ, ಅತ್ತಿಗೆ ಬೇಡ. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ದರಿಂದ ಮಾತ್ರೆ ಬರೆದುಕೊಡಲ್ಲ. ಬೇಕು ಅನ್ನಿಸಿದರೆ ಮನೋವೈದ್ಯರಿಗೆ ಚೀಟಿ ಕೊಡ್ತಾರೆ, ಅದನ್ನು ಚಿಗಟೇರಿಯಲ್ಲೇ ತೋರಿಸಬಹುದು.

ಮುಂದೆ ಏನಾದರೂ ತಕರಾರು ಬಂದರೆ ಸೈಕಾಲಜಿಸ್ಟ್ ಮೇಲಿನ ದೂರು ದೆಹಲಿಯ ಆರ್‌ಸಿಐಗೆ, ಮನೋವೈದ್ಯರ ಮೇಲಿನದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ, ದುಡ್ಡಿನ ಜಗಳ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ. ಮೂರಕ್ಕೂ ರಸೀದಿ ಬೇಕು, ಪ್ರತಿ ಸಲ ಕೇಳಿ ಇಸ್ಕೊಳ್ಳಿ.

ಬೆಣ್ಣೆದೋಸೆ:

ಶನಿವಾರ 11 ಗಂಟೆಗೆ ಸಮಯ ಸಿಕ್ಕಿದೆ. ನಂಬರ್ ಕೇಳಿದ್ದಕ್ಕೆ ಅವರ ಕಡೆಯವರು ಏನೂ ಅನ್ಕೊಳ್ಳಲಿಲ್ಲ, ಸರ್ಟಿಫಿಕೇಟಿನ ಫೋಟೋವನ್ನೇ ವಾಟ್ಸಾಪ್ ಮಾಡಿದರು. ನಿದ್ದೆ ಹಾಳೆ ನಿನ್ನೆಯಿಂದ ಶುರು ಮಾಡಿದ್ದಾಳೆ.